ಕಂಬಿ ಬಿಟ್ಟಿಳಿಯದ ಇಲಿಗಳು

ಕೆಜಿಎಫ್, ಬಂಗಾರಪೇಟೆ ಕಡೆಯಿಂದ ರೈಲು ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುವವರಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳೂ ಇರುತ್ತಾರೆ. ಇಂಥ ರೋಗಿಯ ಮಣಿಕಟ್ಟನ್ನು ವೈದ್ಯರು ಮೆಲ್ಲನೆ ಮಡಿಸಿ ನೋಡುವುದುಂಟು. ಇಲ್ಲದ ದನಿ ಕೇಳಿಸುವ ಕಾಯಿಲೆಗೂ ಕೈಗೂ ಏನು ಸಂಬಂಧ? ಸಂಬಂಧ ಇರುವುದು ಕಾಯಿಲೆಗಲ್ಲ, ಮಾತ್ರೆಗೆ. ಮನಸ್ಸನ್ನು ಹತೋಟಿಗೆ ತರುವ ಹಲವು ಮಾತ್ರೆಗಳು ಕೈಕಾಲನ್ನು ಸೆಡೆಸುತ್ತವೆ, ನಡುಗಿಸುತ್ತವೆ.

ಈ ಕಥೆ ನಮ್ಮ ಸರ್ಪಗಂಧಿಯ ಬೇರಿನಿಂದ ಶುರುವಾಗುತ್ತದೆ. ಹುಚ್ಚಿಗೆ ಆ ಬೇರು ಮದ್ದು ಎಂದು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿ ಅದರಿಂದ ರಿಸರ್ಪಿನ್ ಬೇರ್ಪಡಿಸಿತು. ಅದನ್ನು ಕೊಟ್ಟ ಮೊಲಗಳು ಕಿವಿ ಇಳಿಬಿಟ್ಟು ಕದಲದೆ ಕುಳಿತವು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅಂಥ ಮೊಲಗಳಿಗೆ ಎಲ್-ಡೋಪಾ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಅವು ಎದ್ದು ಓಡಾಡಿದವು! ಮಿದುಳಿನಲ್ಲಿ ಡೋಪಮಿನ್ ಬರಿದಾದದ್ದೇ ಸೆಡೆತಕ್ಕೆ ಮೂಲ ಎಂಬುದು ಹೀಗೆ ಹೊಳೆಯಿತು. 2000ದಲ್ಲಿ ಕಾರ್ಲ್‌ಸನ್‌ರಿಗೆ ನೊಬೆಲ್ ಬಂತು.

ಆಮೇಲಿನ ಹ್ಯಾಲೊಪೆರಿಡಾಲ್‌ನಂಥ ಮದ್ದುಗಳು ಡೋಪಮಿನ್ ಬರಿದು ಮಾಡುವುದಿಲ್ಲ. ಅದು ಬಂದು ಕೂರುವ ಗ್ರಾಹಕಗಳನ್ನೇ ಮುಚ್ಚುತ್ತವೆ. ಇವುಗಳ ಪರೀಕ್ಷೆ ಬಲು ಸರಳ. ಇಲಿಯ ಮುಂಗಾಲುಗಳನ್ನು ಅಡ್ಡ ಕಂಬಿಯ ಮೇಲಿಟ್ಟು ಗಡಿಯಾರ ನೋಡುವುದು. ಮದ್ದು ತಿನ್ನದ ಇಲಿ ತಕ್ಷಣ ಇಳಿಯುತ್ತದೆ, ಮದ್ದಿನ ಇಲಿ ಹಾಗೇ ನಿಲ್ಲುತ್ತದೆ. ದನಿ ಕೇಳಿಸುತ್ತಿದೆಯೇ ಎಂದು ಇಲಿಯನ್ನು ಕೇಳುವಂತಿಲ್ಲವಲ್ಲ! ಹಾಗಾಗಿ ಹೆಚ್ಚು ಹೊತ್ತು ನಿಲ್ಲಿಸುವ ಮದ್ದೇ ಹೆಚ್ಚು ಗುಣಕಾರಿ ಎಂಬ ಎಣಿಕೆ ಬೆಳೆಯಿತು. ಅಡ್ಡ ಪರಿಣಾಮವನ್ನೇ ಗುಣವೆಂದು ಅಳೆದಂತಾಯಿತು.

ಈ ಎಣಿಕೆಯನ್ನು ಕೆಡಿಸಿದ್ದು 1960ರ ಸುಮಾರಿಗೆ ಬಂದ ಕ್ಲೊಜಪಿನ್. ಇಲಿಗಳು ಕಂಬಿಯಿಂದ ಆರಾಮಾಗಿ ಇಳಿದವು. ಆದರೂ ರೋಗಿಗಳಲ್ಲಿ ಅದು ಕೆಲಸ ಮಾಡಿತು, ಸೆಡೆತವೂ ತೀರಾ ಕಡಿಮೆ. ಸೆಡೆತವಿಲ್ಲದ ಮದ್ದು ಮದ್ದೇ ಅಲ್ಲ ಎಂದು ಅನುಮಾನಿಸಿದವರಿದ್ದರು.

ಆದರೆ ಕಂಬಿ ತೋರಿಸದ ಇನ್ನೊಂದು ಅಪಾಯ ಅದರಲ್ಲಿತ್ತು. 1975ರಲ್ಲಿ ಫಿನ್‌ಲೆಂಡಿನಲ್ಲಿ ಈ ಮದ್ದು ತೆಗೆದುಕೊಂಡವರಲ್ಲಿ ಕೆಲವರ ಬಿಳಿ ರಕ್ತಕಣಗಳು ಕುಸಿದವು. ಎಂಟು ಮಂದಿ ಸತ್ತರು. ಹಲವು ದೇಶಗಳಲ್ಲಿ ಮಾರಾಟ ನಿಂತಿತು. ಬೇರೆ ಮಾತ್ರೆಗೆ ಬಗ್ಗದ ಕಾಯಿಲೆಯೂ ಇದಕ್ಕೆ ಬಗ್ಗುತ್ತದೆಂದು 1988ರಲ್ಲಿ ಅಮೆರಿಕದ ಅಧ್ಯಯನ ತೋರಿಸಿದ ಮೇಲೆ ಮದ್ದು ಮರಳಿತು, ಒಂದು ಷರತ್ತಿನೊಂದಿಗೆ. ಅದನ್ನು ನುಂಗುವವರು ಮೊದಮೊದಲು ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು. ಹಾಗಾಗಿಯೇ ಕ್ಲೊಜಪಿನ್ ಬರೆಸಿಕೊಂಡವರು ಆಸ್ಪತ್ರೆಗೆ ಹೊರಟಾಗ ರಕ್ತ ಪರೀಕ್ಷೆಯ ಚೀಟಿಯೂ ಜೊತೆಗಿರುತ್ತದೆ.