ಮುದ್ರೆ ಯಾರ ಕೈಯಲ್ಲಿ?

ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದ ಹೆಸರಿನಲ್ಲಿ ಒಬ್ಬ ರಾಯನೂ ಇದ್ದಾನೆ, ಒಂದು ಕೆರೆಯೂ ಇದೆ. ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆಯುವುದು ನಮ್ಮ ಸೀಮೆಯ ಹಳೆಯ ರೂಢಿ. ಆದರೆ ಸಂಸ್ಕೃತ ನಿಘಂಟುಗಳಲ್ಲಿ ಇನ್ನೊಂದು ‘ಸಮುದ್ರ’ ಸಿಗುತ್ತದೆ: ಸ-ಮುದ್ರ, ಅಂದರೆ ಮುದ್ರೆ ಬಿದ್ದದ್ದು, ಮೊಹರಾದದ್ದು. ಊರಿನ ಹೆಸರಿಗೆ ಈ ಅರ್ಥ ಹೊಂದುವುದಿಲ್ಲ, ಹೊಂದಿಸಲೂಬಾರದು. ಆದರೂ ಮುದ್ರೆ ಎಂಬ ಪದದ ಜಾಡು ಹಿಡಿದು ಹೊರಟವರಿಗೆ ಕೋಲಾರ ಸೀಮೆಯಷ್ಟು ಒಳ್ಳೆಯ ನೆಲ ಸಿಗುವುದು ಕಷ್ಟ.

ಕೋಲಾರವೆಂದರೆ ಅಂದಿನ ಕುವಲಾಲಪುರ, ಗಂಗರ ಮೊದಲ ರಾಜಧಾನಿ. ಗಂಗರ ಒಂದು ತಾಮ್ರಶಾಸನವನ್ನು ಹತ್ತಿರದಿಂದ ನೋಡಿ. ತಗಡುಗಳ ಒಂದು ಬದಿಯಲ್ಲಿ ತೂತು. ಎಲ್ಲ ತೂತುಗಳನ್ನೂ ಪೋಣಿಸಿದ ಒಂದೇ ಬಳೆ. ಬಳೆಯ ತುದಿಗಳು ಕೂಡುವಲ್ಲಿ ಬೆಸೆದ ಗಟ್ಟಿ ಮುದ್ರೆ, ಅದರ ಮೇಲೆ ಆನೆ. ನಡುವೆ ಒಂದು ತಗಡು ಸೇರಿಸಬೇಕಾದರೂ ತೆಗೆಯಬೇಕಾದರೂ ಬಳೆಯನ್ನು ಕತ್ತರಿಸಲೇಬೇಕು. ಕತ್ತರಿಸಿದರೆ ಅದು ಕಣ್ಣಿಗೆ ಬೀಳದೆ ಇರದು. ವಿಜಯನಗರದ ತಾಮ್ರಪಟಗಳಲ್ಲಿ ಆನೆಯ ಜಾಗಕ್ಕೆ ವರಾಹ ಬಂತು. ಒಳಗಿನ ಬರಹ ನಾಗರಿಯಲ್ಲಿದ್ದರೂ ಕೊನೆಯಲ್ಲಿ ದೊರೆಯ ಒಪ್ಪ ‘ಶ್ರೀ ವಿರೂಪಾಕ್ಷ’ ಎಂದು ಕನ್ನಡದ ಅಕ್ಷರದಲ್ಲಿರುತ್ತಿತ್ತು.

ದಾನಪತ್ರವನ್ನು ಬಟ್ಟೆಯ ಮೇಲೋ ತಾಮ್ರದ ಮೇಲೋ ಬರೆಸಿ ರಾಜ ತನ್ನ ಮುದ್ರೆ ಹಾಕಬೇಕು ಎನ್ನುತ್ತದೆ ಯಾಜ್ಞವಲ್ಕ್ಯಸ್ಮೃತಿ. ಅದಕ್ಕೆ ಮಿತಾಕ್ಷರ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದವನು. ಇಷ್ಟು ಕಟ್ಟುಪಾಡಿದ್ದರೂ ಖೋಟಾ ಶಾಸನಗಳು ಹುಟ್ಟಿದವು. ಗಂಗರ ಹೆಸರಿನ ಎಷ್ಟೋ ತಾಮ್ರಪಟಗಳು ನಕಲಿ ಎಂದು ಜೆ.ಎಫ್. ಫ್ಲೀಟ್ ಪಟ್ಟು ಹಿಡಿದರು. 1905ರಲ್ಲಿ ಕೋಲಾರ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ಹೊರತಂದ ಬಿ.ಎಲ್. ರೈಸ್ ಅವುಗಳ ಪರ ನಿಂತರು. ಅವರ ವಾಗ್ವಾದದ ಹೊತ್ತಿಗೆ ಮುದ್ರೆ ಒತ್ತಿದವರೂ ಇರಲಿಲ್ಲ, ಒತ್ತಿದ ಅಚ್ಚೂ ಇರಲಿಲ್ಲ. ಉಳಿದಿದ್ದು ಗುರುತು ಮಾತ್ರ.

ಇಲ್ಲೇ ಪದದ ಗುಟ್ಟು ಇದೆ. ಕನ್ನಡದಲ್ಲಿ ಒತ್ತುವ ಸಾಧನವೂ ಮುದ್ರೆ, ಒತ್ತಿದ ಮೇಲೆ ಮೂಡುವ ಗುರುತೂ ಮುದ್ರೆ. ಗುರುತು ಎಂಬ ಅರ್ಥ ಬಯಲಿಗೆ ಬಂದು ಬೆಳೆಯಿತು. ಲಿಂಗಮುದ್ರೆಯ ಕಲ್ಲು, ವಾಮನಮುದ್ರೆಯ ಕಲ್ಲು ದಾನದ ಭೂಮಿಯ ಎಲ್ಲೆಯಲ್ಲಿ ನಿಂತವು. ಓದು ಬಾರದವರಿಗೂ ಈ ಹೊಲ ಯಾವ ದೇವರದು, ಯಾರದು ಎಂದು ತಿಳಿಯುತ್ತಿತ್ತು. ಮಾಧ್ವರು ಗೋಪೀಚಂದನದ ಮುದ್ರೆಯನ್ನು ದಿನವೂ ಮೈಮೇಲೆ ಧರಿಸಿದರು, ಆಷಾಢದ ಪ್ರಥಮೈಕಾದಶಿಗೆ ತಪ್ತಮುದ್ರೆ ಹಾಕಿಸಿಕೊಂಡರು. ಮುಳಬಾಗಿಲಿನ ಶ್ರೀಪಾದರಾಜರು 15ನೇ ಶತಮಾನದಲ್ಲಿ ತಮ್ಮ ಹಾಡುಗಳ ಕೊನೆಗೆ ‘ರಂಗವಿಠಲ’ ಎಂಬ ಮುದ್ರಿಕೆಯಿಟ್ಟರು. ಅವರ ಬಳಿ ಓದಿದ ವ್ಯಾಸರಾಯರದು ‘ಸಿರಿಕೃಷ್ಣ’. ಮುದ್ರಣ ಬಂದ ಮೇಲಂತೂ, ಅಸಲು ಒಂದೇ ಎಂದು ಸಾರುತ್ತಿದ್ದ ಪದ ಸಾವಿರ ಪ್ರತಿಗಳ ಪದವಾಯಿತು. ಹೊಲ ಕೊಂಡವರು ಇಂದಿಗೂ ಕಟ್ಟುವುದು ಮುದ್ರಾಂಕ ಶುಲ್ಕ. ಪಾರಸಿಯಿಂದ ಬಂದ ನಮ್ಮ ‘ಮೊಹರು’ ಕೂಡ ಮುದ್ರೆಯ ದಾಯಾದಿಯೇ, ಎರಡರ ಬೇರೂ ಒಂದೇ ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಪಾರಸಿಯ ಪದ ಮುಂದೆ ಚಿನ್ನದ ನಾಣ್ಯದ ಹೆಸರೂ ಆಯಿತು. ಹಿಂದಿಯಲ್ಲಿ ಮುದ್ರೆಯೆಂದರೆ ಈಗ ಹಣ. ಕನ್ನಡ ಮಾತ್ರ ಹಣವನ್ನೇ ಬೇರೆ, ಮುದ್ರೆಯನ್ನೇ ಬೇರೆ ಇಟ್ಟುಕೊಂಡಿತು. ಅದು ಎಷ್ಟು ಒಳ್ಳೆಯದಾಯಿತು ಎಂಬುದು ಮುಂದೆ ತಿಳಿಯುತ್ತದೆ.

ಒತ್ತುವ ಸಾಧನ ಎಂಬ ಅರ್ಥ ಬಯಲಿಗೆ ಬರಲಿಲ್ಲ, ಬೆರಳಲ್ಲೇ ಉಳಿಯಿತು. ಹನುಮಂತ ಸೀತೆಗೆ ತಂದು ತೋರಿಸಿದ್ದು ಮುದ್ರೆಯುಂಗುರ. ವಿಶಾಖದತ್ತನ ಮುದ್ರಾರಾಕ್ಷಸ ನಾಟಕವಂತೂ ನಿಂತಿರುವುದೇ ಒಂದು ಉಂಗುರದ ಮೇಲೆ. ಚಾಣಕ್ಯನ ಎದುರಾಳಿ ಅಮಾತ್ಯ ರಾಕ್ಷಸನ ಹೆಂಡತಿ, ಗಂಡನ ಗೆಳೆಯ ಚಂದನದಾಸನ ಮನೆಯಲ್ಲಿ ಅಡಗಿದ್ದಾಳೆ. ಬಾಗಿಲಿಗೆ ಓಡಿಬಂದ ಮಗುವನ್ನು ಆಕೆ ಕೈ ಚಾಚಿ ಒಳಗೆಳೆದುಕೊಳ್ಳುತ್ತಾಳೆ. ಆಕೆಯ ಬೆರಳಲ್ಲಿದ್ದದ್ದು ರಾಕ್ಷಸನ ಮುದ್ರೆಯುಂಗುರ; ಗಂಡಸಿನ ಬೆರಳಿನ ಅಳತೆಯದು, ಜಾರಿ ಹೊಸ್ತಿಲು ದಾಟಿ ಉರುಳುತ್ತದೆ. ಚಾಣಕ್ಯನ ಗೂಢಚಾರನಿಗೆ ಸಿಗುತ್ತದೆ. ಅಲ್ಲಿಗೆ ರಾಕ್ಷಸನ ಹೆಸರಿನಲ್ಲಿ ಏನು ಬೇಕಾದರೂ ಬರೆದು ಒತ್ತಬಹುದು. ಈ ಕಥೆಯನ್ನು ಕೆಂಪುನಾರಾಯಣ 1823ರಲ್ಲಿ ಮೈಸೂರಿನಲ್ಲಿ ಕನ್ನಡ ಗದ್ಯಕ್ಕೆ ತಂದ. ಅವನಿಟ್ಟ ಹೆಸರು ‘ಮುದ್ರಾಮಂಜೂಷ’, ಮುದ್ರೆಯ ಪೆಟ್ಟಿಗೆ.

ಇಂದು ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರು ಕ್ರಿಪ್ಟೋ ನಾಣ್ಯ ಕಾಯ್ದುಕೊಳ್ಳಲು ಕೊಳ್ಳುವ ಹಾರ್ಡ್‌ವೇರ್ ವಾಲೆಟ್ಟಿಗೆ ಇದಕ್ಕಿಂತ ಸರಿಯಾದ ಕನ್ನಡ ಹೆಸರು ನನಗೆ ಕಾಣುವುದಿಲ್ಲ. ವಾಲೆಟ್ ಎಂದರೆ ಹಣದ ಚೀಲ. ಆ ಹೆಸರೇ ಜನರನ್ನು ದಾರಿ ತಪ್ಪಿಸುತ್ತದೆ. 2014ರಲ್ಲಿ ಪ್ರಾಗ್ ನಗರದಿಂದ ಬಂದ ಟ್ರೆಜರ್‌ನಿಂದ ಹಿಡಿದು ಇವತ್ತಿನ ಯಾವ ಸಾಧನದ ಒಳಗೂ ನಾಣ್ಯವಿಲ್ಲ. ನಾಣ್ಯದ ಲೆಕ್ಕ ಎಲ್ಲರಿಗೂ ಕಾಣುವ ಬ್ಲಾಕ್‌ಚೈನ್ ಖಾತೆಯಲ್ಲಿದೆ. ಸಾಧನದಲ್ಲಿರುವುದು ಒಂದು ಗುಪ್ತ ಸಂಖ್ಯೆ, ಪ್ರೈವೇಟ್ ಕೀ. ವ್ಯವಹಾರದ ಒಕ್ಕಣೆ ಕಂಪ್ಯೂಟರಿನಿಂದ ಒಳಗೆ ಹೋಗುತ್ತದೆ, ಮುದ್ರೆ ಬಿದ್ದು ಹೊರಗೆ ಬರುತ್ತದೆ. ಒತ್ತುವ ಅಚ್ಚು ಹೊರಗೆ ಬರುವುದಿಲ್ಲ. ಬಿದ್ದ ಗುರುತನ್ನು ಯಾರು ಬೇಕಾದರೂ ಪರಿಶೀಲಿಸಬಹುದು, ಗುರುತಿನಿಂದ ಅಚ್ಚನ್ನು ಮಾತ್ರ ತಯಾರಿಸಲಾಗದು. ಪಂಚಾಯಿತಿಯ ಬಿಲ್ಲುಗಳಿಗೆ ಡಿಜಿಟಲ್ ಸಹಿ ಹಾಕುವ ಡಾಂಗಲ್ ಕೂಡ ಇದೇ ಜಾತಿಯದು. ಡಾಂಗಲ್ಲನ್ನೂ ಪಿನ್ನನ್ನೂ ಇನ್ನೊಬ್ಬರ ಕೈಗಿತ್ತವರು ಅಧಿಕಾರವನ್ನೇ ಕೊಟ್ಟಂತೆ.

ಹಾಗಾಗಿ ಹೊಸ ಸಾಧನ ತಂದವರು ಕಾಯಬೇಕಾದದ್ದು ಚೀಲವನ್ನಲ್ಲ, ಮುದ್ರೆಯನ್ನು. ತಯಾರಕರಿಂದಲೋ ಅವರು ಒಪ್ಪಿದ ಮಾರಾಟಗಾರರಿಂದಲೋ ಮಾತ್ರ ಕೊಳ್ಳಬೇಕು, ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ಮೊದಲ ಸಲ ಚಾಲೂ ಮಾಡಿದಾಗ ಸಾಧನ ತಾನೇ, ಸಾಮಾನ್ಯವಾಗಿ 12 ಅಥವಾ 24, ಪದಗಳನ್ನು ಆರಿಸಿ ತನ್ನ ಪುಟ್ಟ ಪರದೆಯ ಮೇಲೆ ತೋರಿಸುತ್ತದೆ. ಪ್ರೈವೇಟ್ ಕೀ ಹುಟ್ಟುವುದು ಆ ಪದಗಳಿಂದಲೇ. ಪೆಟ್ಟಿಗೆಯಲ್ಲಿ ಪದಗಳು ಮೊದಲೇ ಅಚ್ಚಾಗಿ ಬಂದಿದ್ದರೆ ಅದು ಮೋಸ. ಆ ಮುದ್ರೆಯ ಅಚ್ಚು ಬೇರೆಯವರ ಬಳಿಯೂ ಇದೆ ಎಂದರ್ಥ. 2013ರ ಬಿಪ್-39 ಎಂಬ ನಿಯಮದಲ್ಲಿ ಒಟ್ಟು 2048 ಪದಗಳ ಪಟ್ಟಿ ಇದೆ. ಇಂಗ್ಲಿಷ್ ಪಟ್ಟಿಯಲ್ಲಿ ಮೊದಲ ನಾಲ್ಕು ಅಕ್ಷರ ನೋಡಿದರೆ ಯಾವ ಪದವೆಂದು ತಿಳಿಯುವಂತೆ ಆರಿಸಿದ್ದಾರೆ. ಜಪಾನಿ, ಕೊರಿಯನ್, ಜೆಕ್ ಪಟ್ಟಿಗಳಿವೆ, ಕನ್ನಡದ್ದಿಲ್ಲ. ಆದ್ದರಿಂದ ಇಂಗ್ಲಿಷ್ ಕಾಗುಣಿತವನ್ನೇ, ಕ್ರಮ ತಪ್ಪದಂತೆ, ಬಿಡಿಸಿ ಬರೆದುಕೊಳ್ಳಬೇಕು. ಕಾಗದದ ಮೇಲೆ ಬರೆಯಿರಿ. ಬೆಂಕಿ, ನೀರಿನ ಭಯವಿದ್ದರೆ ಲೋಹದ ತಗಡಿನ ಮೇಲೆ ಕೊರೆಯಿರಿ. ಮೊಬೈಲಿನಲ್ಲಿ ಫೋಟೊ ತೆಗೆಯುವುದು, ವಾಟ್ಸ್ಆ್ಯಪ್‌ನಲ್ಲಿ ಮನೆಯವರಿಗೆ ಕಳಿಸುವುದು ಎರಡೂ ಉಂಗುರವನ್ನು ಹೊಸ್ತಿಲಾಚೆ ಉರುಳಿಸಿದ ಹಾಗೆ. ಆ ಪದಗಳಿದ್ದವರಿಗೆ ಸಾಧನವೂ ಬೇಡ, ಪಿನ್ನೂ ಬೇಡ. ಪಿನ್ ಕಾಯುವುದು ಸಾಧನ ಕದ್ದವರಿಂದ ಮಾತ್ರ: ಲೆಡ್ಜರ್ ಕಂಪನಿಯ ಸಾಧನವಾದರೆ ಮೂರು ಸಲ ತಪ್ಪು ಪಿನ್ ಒತ್ತಿದ ಕೂಡಲೇ ಎಲ್ಲವನ್ನೂ ಅಳಿಸಿಕೊಳ್ಳುತ್ತದೆ. ಹಾಗೆ ಅಳಿಸಿದರೆ ಕಾಗದದ ಪದಗಳಿಂದ ಮರಳಿ ಪಡೆಯಬಹುದೇ ಎಂಬುದನ್ನು, ದುಡ್ಡು ಹಾಕುವ ಮುಂಚೆಯೇ, ಸಾಧನವನ್ನು ತಾವೇ ಅಳಿಸಿ ನೋಡಬೇಕು. ಆಮೇಲೆ ಚಿಕ್ಕ ಮೊತ್ತ, ಆಮೇಲೆ ಉಳಿದದ್ದು. ನಮ್ಮ ಸರ್ಕಾರ 2022ರಿಂದ ಕ್ರಿಪ್ಟೋ ಲಾಭದ ಮೇಲೆ ಶೇ 30 ತೆರಿಗೆ ಹಾಕಿದೆಯೇ ಹೊರತು ಕ್ರಿಪ್ಟೋವನ್ನು ಹಣವೆಂದು ಒಪ್ಪಿಲ್ಲ. ಮುದ್ರೆ ಕಳೆದುಕೊಂಡವರಿಗೆ ಬ್ಯಾಂಕಿನಂತೆ ಮರಳಿ ಕೊಡುವವರಿಲ್ಲ.

ಮುದ್ರಾರಾಕ್ಷಸದಲ್ಲಿ ಉಂಗುರ ಕಳೆದದ್ದು ಅರ್ಧ ಕಥೆ. ಉಳಿದರ್ಧ ಶಕಟದಾಸನದು. ಅವನು ರಾಕ್ಷಸನ ಆಪ್ತ, ಬರಹಗಾರ. ಯಾರಿಗೆ, ಯಾತಕ್ಕೆ ಎಂದು ಹೇಳದ ಒಂದು ಒಕ್ಕಣೆಯನ್ನು ಚಾಣಕ್ಯನ ಕಡೆಯವರು ಅವನ ಕೈಯಲ್ಲೇ ಬರೆಸಿಕೊಳ್ಳುತ್ತಾರೆ. ಕೈಬರಹ ಅಸಲು, ಮುದ್ರೆ ಅಸಲು, ಪತ್ರ ಮಾತ್ರ ಮೋಸದ್ದು. 2024ರ ಜುಲೈ 18ರಂದು ಭಾರತದ ವಜೀರ್‌ಎಕ್ಸ್ ವಿನಿಮಯ ಕೇಂದ್ರದಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೋ ಹೋದದ್ದು ಹೀಗೆಯೇ. ಹಲವರ ಒಪ್ಪಿಗೆ ಬೇಕಿದ್ದ ಖಾತೆ ಅದು, ಹಾರ್ಡ್‌ವೇರ್ ವಾಲೆಟ್ಟುಗಳೂ ಇದ್ದವು. ಪರದೆಯಲ್ಲಿ ಕಂಡ ವ್ಯವಹಾರವೇ ಬೇರೆ, ಸಹಿ ಬಿದ್ದ ವ್ಯವಹಾರವೇ ಬೇರೆ ಎಂದು ಕಂಪನಿ ಹೇಳಿತು. 2025ರ ಫೆಬ್ರವರಿ 21ರಂದು ಬೈಬಿಟ್ ವಿನಿಮಯ ಕೇಂದ್ರದಿಂದ ಸುಮಾರು 150 ಕೋಟಿ ಡಾಲರ್ ಹೋದಾಗಲೂ ಸಹಿ ಹಾಕಿದವರು ಅಧಿಕೃತರೇ. ಒಕ್ಕಣೆ ಏನೆಂದು ಕಾಣದೆ ಹೀಗೆ ಸಹಿ ಹಾಕುವುದನ್ನು ಕ್ರಿಪ್ಟೋ ಕಸುಬಿನವರು ಬ್ಲೈಂಡ್ ಸೈನಿಂಗ್ ಎನ್ನುತ್ತಾರೆ.

ಕಂಪ್ಯೂಟರಿನ ಪರದೆಯನ್ನು ಬದಲಿಸುವುದು ಕಳ್ಳನಿಗೆ ಸುಲಭ. ಕೈಯಲ್ಲಿರುವ ಸಾಧನದ ಪರದೆಯನ್ನು ದೂರದಿಂದ ಬದಲಿಸುವುದು ಬಹಳ ಕಷ್ಟ. ಕಳಿಸುವ ವಿಳಾಸವನ್ನು ಆ ಪುಟ್ಟ ಪರದೆಯಲ್ಲೇ ಓದಬೇಕು, ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ಮಾತ್ರವಲ್ಲ, ನಡುವಿನದನ್ನೂ; ತುದಿಗಳಷ್ಟೇ ಹೋಲುವ ವಿಳಾಸಗಳನ್ನು ಬೇಕೆಂದೇ ಸೃಷ್ಟಿಸುವವರಿದ್ದಾರೆ. ಮೊತ್ತ ಓದಬೇಕು. ಬ್ಲೈಂಡ್ ಸೈನಿಂಗ್ ಆಯ್ಕೆಯನ್ನು ಆಫ್ ಮಾಡಿಡಬೇಕು. ಪರದೆಯಲ್ಲಿ ಅರ್ಥವಾಗದ ಅಂಕಿ ಅಕ್ಷರಗಳ ಸಾಲಷ್ಟೇ ಮೂಡಿ ಒಪ್ಪಿಗೆ ಕೇಳಿದರೆ, ಎಷ್ಟೇ ಅವಸರವಿದ್ದರೂ ತಿರಸ್ಕರಿಸುವ ಗುಂಡಿಯನ್ನೇ ಒತ್ತಬೇಕು.