ಹೆಸರಿಗಿಂತ ಮೊದಲು ಕಕ್ಷೆ

1861ರ ಏಪ್ರಿಲ್ 17ರಂದು ಮದ್ರಾಸ್ ವೀಕ್ಷಣಾಲಯದಿಂದ ನಾರ್ಮನ್ ಪೋಗ್‌ಸನ್ ಹೊಸದೊಂದು ಕ್ಷುದ್ರಗ್ರಹ ಕಂಡರು. ಏಷ್ಯಾ ಖಂಡದಲ್ಲಿ ಸಿಕ್ಕ ಮೊದಲನೆಯದೆಂದು ಅದಕ್ಕೆ ‘ಏಷ್ಯಾ’ ಎಂದೇ ಹೆಸರಾಯಿತು, ಕ್ರಮಾಂಕ 67. ಉತ್ತರ ಕನ್ನಡದ ಮುಂಡಗೋಡದ ಸನವಳ್ಳಿ ಸೀಮೆ ಆಗಿನ್ನೂ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. ಆ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದು ಮರುವರ್ಷ, 1862ರಲ್ಲಿ. ಆ ಲೆಕ್ಕದಲ್ಲಿ ಏಷ್ಯಾದ ಮೇಲೆ ಸನವಳ್ಳಿಗೂ ಪಾಲುಂಟು ಎಂದು ಯಾರಾದರೂ ವಾದಿಸಿದರೆ ನಗು ಬರುತ್ತದೆ. ಆದರೆ ಆಕಾಶಕಾಯಕ್ಕೆ ನಮ್ಮವರ ಹೆಸರು ಬಿದ್ದಾಗ ನಾವು ಹಿಗ್ಗುವುದೂ ಹೆಚ್ಚುಕಡಿಮೆ ಇಂಥದೇ ಲೆಕ್ಕದ ಮೇಲೆ. ಹೆಸರು ಶೋಧದ ಕೊನೆಯ ಶಾಸ್ತ್ರ. ಕ್ಷುದ್ರಗ್ರಹ ನಿಜಕ್ಕೂ ಕೈಗೆ ಸಿಗುವುದು ಅದರ ಕಕ್ಷೆ ಗೊತ್ತಾದಾಗ.

ಮೊದಲ ಕ್ಷುದ್ರಗ್ರಹದಿಂದಲೇ ಇದು ಸ್ಪಷ್ಟ. 1801ರ ಜನವರಿ 1ರಂದು ಪಲೆರ್ಮೊದಲ್ಲಿ ಪಿಯಾಜಿ ಸೀರಿಸ್ ಕಂಡರು; ಕೆಲವು ವಾರಗಳಲ್ಲೇ ಅದು ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. ಇಪ್ಪತ್ತನಾಲ್ಕರ ಗಣಿತಜ್ಞ ಗಾಸ್ ಆ ಚೂರುಪಾರು ಅಳತೆಗಳಿಂದಲೇ ಕಕ್ಷೆ ಕಟ್ಟಿಕೊಟ್ಟ ಮೇಲೆ, ಡಿಸೆಂಬರ್ 31ರಂದು, ಅದು ಮತ್ತೆ ಕಾಣಿಸಿತು. ಹಾಗಾದರೆ ಶೋಧದ ಕೀರ್ತಿ ಗಾಸ್‌ಗೇ ಸಲ್ಲಬೇಕಲ್ಲ ಎನ್ನಬಹುದು. ಸಲ್ಲಬೇಕಿಲ್ಲ; ಪಿಯಾಜಿ ಬರೆದಿಟ್ಟ ಸ್ಥಾನಗಳಿಲ್ಲದೆ ಗಾಸ್ ಏನನ್ನೂ ಲೆಕ್ಕ ಹಾಕುವಂತಿರಲಿಲ್ಲ. ಆದರೆ ಕಕ್ಷೆಯಿಲ್ಲದ ಹೆಸರು ಸರ್ವೆ ನಂಬರಿಲ್ಲದ ಜಮೀನಿದ್ದಂತೆ. 1873ರಲ್ಲಿ ಸಿಕ್ಕಿ ಹೆಸರನ್ನೂ ಪಡೆದ 132 ಈಥ್ರಾ ಕಳೆದುಹೋಗಿ 1922ರವರೆಗೆ ಪತ್ತೆಯಿರಲಿಲ್ಲ. 330 ಅಡಲ್‌ಬರ್ಟಾದ ಕಥೆ ಇನ್ನೂ ವಿಚಿತ್ರ: 1892ರಲ್ಲಿ ಮ್ಯಾಕ್ಸ್ ವುಲ್ಫ್ ಕಂಡೆನೆಂದದ್ದು ಬರೀ ನಕ್ಷತ್ರಗಳು ಎಂದು 1982ರಲ್ಲಿ ತಿಳಿಯಿತು. ತೊಂಬತ್ತು ವರ್ಷ ಪಟ್ಟಿಯಲ್ಲಿ ಇದ್ದದ್ದು ಹೆಸರು ಮಾತ್ರ. ಆಮೇಲೆ ಅದನ್ನು ಬೇರೊಂದು ಕಾಯಕ್ಕೆ ಕೊಟ್ಟರು.

ಈಗಿನ ಪದ್ಧತಿ ಇಂಥ ಪೇಚಿನಿಂದಲೇ ಬಿಗಿಯಾದದ್ದು. ಮದ್ರಾಸಿನಲ್ಲಿ ಪೋಗ್‌ಸನ್‌ಗೆ ಕೊನೆಯದಾಗಿ ವೇರಾ ಸಿಕ್ಕಿದ್ದು 1885ರಲ್ಲಿ. ನೂರು ವರ್ಷ ದಾಟಿದ ಮೇಲೆ, 1988ರ ಫೆಬ್ರುವರಿ 17ರಂದು, ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ಗೆ ಸೇರಿದ ಕಾವಲೂರು ವೀಕ್ಷಣಾಲಯದಿಂದ ಆರ್. ರಾಜಮೋಹನ್ ಒಂದನ್ನು ಕಂಡರು. ಅದಕ್ಕೆ ಮೊದಲು ಸಿಕ್ಕಿದ್ದು ಹೆಸರಲ್ಲ, ‘1988 ಡಿಕ್ಯೂ1’ ಎಂಬ ತಾತ್ಕಾಲಿಕ ಗುರುತು. ‘ಡಿ’ ಎಂದರೆ ಫೆಬ್ರುವರಿಯ ಉತ್ತರಾರ್ಧ. ಉಳಿದದ್ದು ಆ ಅರ್ಧ ತಿಂಗಳೊಳಗಿನ ಸರದಿ. ಕಾಯ ಹಲವು ಸುತ್ತು ಸೂರ್ಯನಿಗೆ ಎದುರಾಗಿ ಬಂದು, ಪ್ರತಿ ಸಲವೂ ಹೇಳಿದ ಜಾಗದಲ್ಲೇ ಸಿಕ್ಕಿದ ಮೇಲೆ ಕಾಯಂ ಕ್ರಮಾಂಕ. ಅದರ ನಂತರ ಹೆಸರು ಸೂಚಿಸುವ ಹಕ್ಕು. ಹೀಗೆ ಅದು 4130 ರಾಮಾನುಜನ್ ಆಯಿತು. ಕಾವಲೂರನ್ನು ಕಟ್ಟಿದ ವೈನು ಬಪ್ಪು ಹೆಸರಿನ 2596 ಸಿಕ್ಕಿದ್ದು ಕಾವಲೂರಿನಲ್ಲಲ್ಲ, 1979ರಲ್ಲಿ ಚಿಲಿಯ ಲಾ ಸಿಯಾದಲ್ಲಿ, ರಿಚರ್ಡ್ ವೆಸ್ಟ್ ಅವರಿಗೆ. ಹೆಸರು ನೋಡಿ ಹುಟ್ಟೂರು ಹೇಳಲು ಬರುವುದಿಲ್ಲ.

ಹೆಸರಿಲ್ಲದೆ ಜನರ ಆಸಕ್ತಿ ಎಲ್ಲಿ ನಿಲ್ಲುತ್ತದೆ ಎಂಬುದು ಉಳಿದ ಆಕ್ಷೇಪ. ಒಪ್ಪತಕ್ಕದ್ದೇ, ಗಣಿತಜ್ಞ ರಾಮಾನುಜನ್ ಹೆಸರು ಕೇಳಿ ಆಕಾಶದತ್ತ ತಿರುಗಿದ ಹುಡುಗರಿರಬಹುದು. ಆದರೆ ಹೆಸರು ಒಮ್ಮೆ ಹೇಳಿ ಮುಗಿಯುವ ಮಾತು, ಕಕ್ಷೆ ಹೇಳುತ್ತಲೇ ಇರುತ್ತದೆ. ಏಷ್ಯಾ ಮೂರೂಮುಕ್ಕಾಲು ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುತ್ತದೆ. 1866ರಲ್ಲಿ ಪೋಗ್‌ಸನ್ ಮದ್ರಾಸಿನಲ್ಲೇ ಕಂಡ 87 ಸಿಲ್ವಿಯಾ ಕ್ಷುದ್ರಗ್ರಹ ಪಟ್ಟಿಯ ಹೊರ ಅಂಚಿನಲ್ಲಿ ಸುಮಾರು ಆರೂವರೆ ವರ್ಷ ತೆಗೆದುಕೊಳ್ಳುತ್ತದೆ. ಸಿಲ್ವಿಯಾಕ್ಕೆ ಒಂದಲ್ಲ, ಎರಡು ಚಂದ್ರಗಳಿವೆ ಎಂದು 2005ರಲ್ಲಿ ಪ್ರಕಟವಾಯಿತು. ಹಾಗೆ ಎರಡಿರುವುದು ಗೊತ್ತಾದ ಮೊದಲ ಕ್ಷುದ್ರಗ್ರಹ ಅದೇ. ಆ ಚಂದ್ರಗಳ ಕಕ್ಷೆಯಿಂದ ಸಿಲ್ವಿಯಾದ ತೂಕ ಹೊರಬಿತ್ತು. ಸಾಂದ್ರತೆ ನೀರಿಗಿಂತ ಸ್ವಲ್ಪವೇ ಹೆಚ್ಚು, ಅಂದರೆ ಒಳಗೆಲ್ಲ ಟೊಳ್ಳುಬಿಟ್ಟ ಕಲ್ಲುಚೂರಿನ ರಾಶಿಯಿರಬಹುದು.