ಬಾಡ್ ಗಸ್ಟೈನ್: ಬಿಸಿನೀರಿನ ಕಣಿವೆಯ ಭೂಗೋಳ, ಇತಿಹಾಸ ಮತ್ತು ಐತಿಹ್ಯ

ಆಸ್ಟ್ರಿಯಾ ದೇಶದ ಸಾಲ್ಜ್‌ಬರ್ಗ್ ಪ್ರಾಂತ್ಯದ ದಕ್ಷಿಣ ಭಾಗದಲ್ಲಿ, ಹೋಹೆ ಟೌವರ್ನ್ ಪರ್ವತಶ್ರೇಣಿಯ ಉತ್ತರ ಮಗ್ಗುಲಿಗೆ ಅಂಟಿಕೊಂಡಂತೆ ಗಸ್ಟೈನ್ ಎಂಬ ಕಣಿವೆಯಿದೆ. ಸಾಲ್ಜಾಖ್ ನದಿಯ ಕಡೆಯಿಂದ ಈ ಕಣಿವೆಯನ್ನು ಪ್ರವೇಶಿಸಬೇಕಾದರೆ 'ಕ್ಲಾಮ್' ಎಂದು ಕರೆಯಲಾಗುವ ಇಕ್ಕಟ್ಟಾದ ಕಮರಿಯನ್ನು ದಾಟಬೇಕು. ಕಮರಿಯ ಆಚೆಗೆ ನೆಲ ಅಗಲವಾಗುತ್ತದೆ. ಮೊದಲು ಡಾರ್ಫ್‌ಗಸ್ಟೈನ್, ಅನಂತರ ಬಾಡ್ ಹೋಫ್‌ಗಸ್ಟೈನ್ ಸಿಗುತ್ತವೆ. ಇವೆರಡೂ ಸಮತಟ್ಟಾದ ಹುಲ್ಲುಗಾವಲುಗಳ ನಡುವಿನ ಊರುಗಳು. ಅಲ್ಲಿಂದ ಮುಂದೆ ಕಣಿವೆ ಒಮ್ಮೆಗೇ ಮೆಟ್ಟಿಲೇರುತ್ತದೆ. ಆ ಮೆಟ್ಟಿಲಿನ ಮೇಲೆ, ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರದಲ್ಲಿ, ಬಾಡ್ ಗಸ್ಟೈನ್ ಪಟ್ಟಣವಿದೆ. 'ಬಾಡ್' ಎಂದರೆ ಜರ್ಮನ್ ಭಾಷೆಯಲ್ಲಿ ಸ್ನಾನ. ಈ ಹೆಸರು ಪಟ್ಟಣಕ್ಕೆ ಅಧಿಕೃತವಾಗಿ ಬಂದದ್ದು 1906ರಲ್ಲಿ. ಅದಕ್ಕೂ ಮೊದಲು ಇದು 'ವಿಲ್ಡ್‌ಬಾಡ್', ಅಂದರೆ ಕಾಡು ಸ್ನಾನ ಎಂದೇ ಪರಿಚಿತವಾಗಿತ್ತು. ಹಳೆಯ ಹೆಸರೇ ಸ್ಥಳದ ಸ್ವಭಾವಕ್ಕೆ ಹೆಚ್ಚು ಹತ್ತಿರವಾದುದು.

ಗಸ್ಟೈನರ್ ಆಖೆ ಎಂಬ ಹೊಳೆ ಪಟ್ಟಣದ ನಡುವೆಯೇ ಮೂರು ಹಂತಗಳಲ್ಲಿ ಒಟ್ಟು 341 ಮೀಟರ್ ಧುಮುಕುತ್ತದೆ. ಊರ ಹೊರಗಿರಬೇಕಾದ ಜಲಪಾತ ಇಲ್ಲಿ ಊರ ಮಧ್ಯದ ಚೌಕದ ಪಕ್ಕದಲ್ಲಿದೆ. ಅದರ ತುಂತುರು ಹೋಟೆಲುಗಳ ಕಿಟಕಿಗಳನ್ನು ತೋಯಿಸುತ್ತದೆ. ಪಶ್ಚಿಮಕ್ಕೆ 2246 ಮೀಟರ್ ಎತ್ತರದ ಸ್ಟುಬ್ನರ್‌ಕೋಗೆಲ್, ಪೂರ್ವಕ್ಕೆ 2492 ಮೀಟರ್ ಎತ್ತರದ ಗ್ರೌಕೋಗೆಲ್ ಶಿಖರಗಳಿವೆ. ಸಮತಟ್ಟಾದ ಜಾಗವೆಂಬುದು ಇಲ್ಲಿ ಬಹಳ ಕಡಿಮೆ. ಆದ್ದರಿಂದಲೇ ಕಟ್ಟಡಗಳು ಇಳಿಜಾರಿಗೆ ಬೆನ್ನು ಕೊಟ್ಟು ಎತ್ತರಕ್ಕೆ ಬೆಳೆದವು. ಮೇಲಿನ ಬೀದಿಯಿಂದ ನೋಡಿದರೆ ಮೂರು ಅಂತಸ್ತಿನದಾಗಿ ಕಾಣುವ ಮನೆ ಕೆಳಗಿನ ಬೀದಿಗೆ ಏಳೆಂಟು ಅಂತಸ್ತಿನದಾಗಿರುತ್ತದೆ. ಬೀದಿಗಳ ನಡುವಿನ ಸಂಪರ್ಕ ಬಹುಮಟ್ಟಿಗೆ ಮೆಟ್ಟಿಲುಗಳದ್ದು.

ಪಟ್ಟಣದ ಅಸ್ತಿತ್ವಕ್ಕೆ ಕಾರಣವಾದ ಬಿಸಿನೀರಿನ ಬುಗ್ಗೆಗಳು ಪೂರ್ವದ ಇಳಿಜಾರಿನ ಬುಡದಲ್ಲಿ ಉಕ್ಕುತ್ತವೆ. ದಿನವೊಂದಕ್ಕೆ ಸುಮಾರು 50 ಲಕ್ಷ ಲೀಟರ್ ನೀರು, ಹೆಚ್ಚೆಂದರೆ 47 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಹೊರಬರುತ್ತದೆ. ಮಳೆ ಮತ್ತು ಹಿಮದ ನೀರು ಬಂಡೆಯ ಬಿರುಕುಗಳಲ್ಲಿ ಆಳಕ್ಕೆ ಇಳಿದು, ಕಾದು, ಸಾವಿರಾರು ವರ್ಷಗಳ ಬಳಿಕ ಮರಳಿ ಮೇಲೆ ಬರುತ್ತದೆ. ಇಲ್ಲಿನ ನೈಸ್ ಶಿಲೆಯಲ್ಲಿ ಅಲ್ಪ ಪ್ರಮಾಣದ ಯುರೇನಿಯಂ ಇರುವುದರಿಂದ ನೀರಿಗೆ ರೇಡಾನ್ ಅನಿಲ ಸೇರಿಕೊಳ್ಳುತ್ತದೆ. ವಿಯೆನ್ನಾದ ಭೌತವಿಜ್ಞಾನಿ ಹೈನ್‌ರಿಖ್ ಮಾಖೆ ಇದನ್ನು 1904ರಲ್ಲಿ ತೋರಿಸಿಕೊಟ್ಟನು. ಅಲ್ಲಿಯವರೆಗೆ ನೀರಿನ ಶಕ್ತಿಗೆ ಕಾರಣ ಹೇಳುವ ಹೊಣೆಯನ್ನು ಐತಿಹ್ಯ ಮತ್ತು ವೈದ್ಯರ ಊಹೆ ಹಂಚಿಕೊಂಡಿದ್ದವು.

ಬುಗ್ಗೆಯ ಶೋಧದ ಬಗ್ಗೆ ಕಣಿವೆಯಲ್ಲಿ ಪ್ರಚಲಿತವಾಗಿರುವ ಐತಿಹ್ಯ ಹೀಗಿದೆ: ಗಾಯಗೊಂಡ ಸಾರಂಗವೊಂದನ್ನು ಬೇಟೆಗಾರರು ಬೆನ್ನಟ್ಟಿ ಬರುತ್ತಾರೆ. ಅದು ಹಬೆಯಾಡುವ ನೀರಿನಲ್ಲಿ ತನ್ನ ಗಾಯವನ್ನು ತೊಳೆದುಕೊಳ್ಳುತ್ತಿರುತ್ತದೆ. ಅದರ ಬಳಿಯಲ್ಲಿ ಪ್ರೀಮುಸ್ ಮತ್ತು ಫೆಲಿಸಿಯಾನುಸ್ ಎಂಬ ಇಬ್ಬರು ವಿರಕ್ತರು ವಾಸವಾಗಿರುತ್ತಾರೆ. ನೀರಿನ ಗುಣ ಅವರಿಗೆ ಮೊದಲೇ ತಿಳಿದಿರುತ್ತದೆ. ಘಟನೆಯ ಕಾಲವನ್ನು ಸಾಮಾನ್ಯವಾಗಿ ಕ್ರಿ.ಶ. 680 ಎಂದು ಹೇಳಲಾಗುತ್ತದೆ. ಈ ಇಸವಿಯನ್ನು ಇತಿಹಾಸವಾಗಿ ಸ್ವೀಕರಿಸಲು ಬರುವುದಿಲ್ಲ. ಸಂತ ರೂಪರ್ಟ್ ಸಾಲ್ಜ್‌ಬರ್ಗಿಗೆ ಬಂದು ಕ್ರೈಸ್ತ ಮಠವನ್ನು ಸ್ಥಾಪಿಸಿದ್ದೇ ಏಳನೆಯ ಶತಮಾನದ ಕೊನೆಯ ವರ್ಷಗಳಲ್ಲಿ. ಪ್ರೀಮುಸ್ ಮತ್ತು ಫೆಲಿಸಿಯಾನುಸ್ ರೋಮ್ ಪರಿಸರದ ಪ್ರಾಚೀನ ಹುತಾತ್ಮರು. ಆಲ್ಪ್ಸ್ ಪರ್ವತಕ್ಕೂ ಅವರಿಗೂ ಜೀವಿತಕಾಲದ ಸಂಬಂಧವಿಲ್ಲ. ಊರಿನ ಚರ್ಚು ಇವರ ಹೆಸರಿನಲ್ಲಿರುವುದರಿಂದ, ಚರ್ಚಿನ ಸಂತರನ್ನೇ ಬುಗ್ಗೆಯ ಮೊದಲ ನಿವಾಸಿಗಳನ್ನಾಗಿ ಜನಮನಸ್ಸು ಮಾಡಿಕೊಂಡಿತು ಎಂದು ಗ್ರಹಿಸುವುದು ಹೆಚ್ಚು ಸಮಂಜಸ.

ಗಾಯಗೊಂಡ ಅಥವಾ ರೋಗಗ್ರಸ್ತ ಪ್ರಾಣಿ ಔಷಧೀಯ ನೀರನ್ನು ತೋರಿಸಿಕೊಡುವ ಆಶಯ ಯುರೋಪಿನ ಅನೇಕ ಸ್ನಾನಪಟ್ಟಣಗಳಲ್ಲಿದೆ. ಇಂಗ್ಲೆಂಡಿನ ಬಾತ್ ನಗರದಲ್ಲಿ ರಾಜಕುಮಾರ ಬ್ಲಾಡುಡ್‌ನ ಹಂದಿಗಳು ಈ ಕೆಲಸ ಮಾಡುತ್ತವೆ. ಬೊಹೀಮಿಯಾದ ಕಾರ್ಲೋವಿ ವಾರಿಯಲ್ಲಿ ಚಕ್ರವರ್ತಿ ನಾಲ್ಕನೆಯ ಚಾರ್ಲ್ಸ್‌ನ ಬೇಟೆಯ ಪ್ರಸಂಗವಿದೆ. ಆದರೆ ಆಶಯ ಒಂದೇ ಆದರೂ ಅದು ಹೇಳುವ ಒಡೆತನದ ಮಾತು ಬೇರೆ ಬೇರೆ. ಕಾರ್ಲೋವಿ ವಾರಿಯಲ್ಲಿ ಶೋಧಕನು ಅರಸ. ಪಟ್ಟಣ ಅವನ ಹೆಸರನ್ನೇ ಹೊತ್ತಿದೆ. ಗಸ್ಟೈನ್ ಐತಿಹ್ಯದಲ್ಲಿ ಬೇಟೆಗಾರ ಕೊನೆಗೆ ಬರುವವನು. ಅವನಿಗಿಂತ ಮೊದಲು ವಿರಕ್ತರು ಇದ್ದಾರೆ, ಅವರ ಜೊತೆಗೆ ಸಾರಂಗವಿದೆ. ನೀರು ಯಾರಿಗೆ ಸೇರಿದ್ದು ಎಂಬ ಪ್ರಶ್ನೆ ಮುಂದೆ ಶತಮಾನಗಳ ಕಾಲ ಈ ಕಣಿವೆಯನ್ನು ಕಾಡಿತೆಂಬುದನ್ನು ನೆನೆದರೆ, ಐತಿಹ್ಯದ ಈ ಕ್ರಮ ಆಕಸ್ಮಿಕವಲ್ಲವೆನಿಸುತ್ತದೆ.

ಸ್ನಾನಕ್ಕಿಂತ ಹೆಚ್ಚಾಗಿ ಮಧ್ಯಯುಗದ ಗಸ್ಟೈನ್ ಚಿನ್ನಕ್ಕೆ ಹೆಸರಾಗಿತ್ತು. ರಾಡ್‌ಹೌಸ್‌ಬರ್ಗ್ ಪರ್ವತದ ಗಣಿಗಳು 16ನೆಯ ಶತಮಾನದ ಮಧ್ಯಭಾಗದಲ್ಲಿ ಉಚ್ಛ್ರಾಯಕ್ಕೆ ಮುಟ್ಟಿದವು. ಆ ಕಾಲದ ಗಣಿ ಒಡೆಯರಲ್ಲಿ ಪ್ರಮುಖನಾದವನು ಕ್ರಿಸ್ಟೋಫ್ ವೈಟ್‌ಮೋಸರ್ (1506–1558). ಹೋಫ್‌ಗಸ್ಟೈನ್‌ನಲ್ಲಿ ಈ ಕುಟುಂಬದ ಸೌಧ ಇಂದಿಗೂ ನಿಂತಿದೆ. ಗಣಿಯ ಸಂಪತ್ತಿನ ಒಂದಂಶ ಸ್ನಾನಕ್ಕೂ ಹರಿಯಿತು: 15ನೆಯ ಶತಮಾನದ ಕೊನೆಯಲ್ಲಿ ಕೊನ್ರಾಡ್ ಸ್ಟ್ರೋಖ್ನರ್ ಎಂಬ ಗಣಿ ಒಡೆಯ ಬಡರೋಗಿಗಳಿಗಾಗಿ ಸ್ನಾನದ ಧರ್ಮಾಸ್ಪತ್ರೆಯನ್ನು ಸ್ಥಾಪಿಸಿದನು. 1525ರಲ್ಲಿ ಸಾಲ್ಜ್‌ಬರ್ಗಿನ ಆರ್ಚ್‌ಬಿಷಪ್ ಮಥೇವುಸ್ ಲಾಂಗ್‌ನ ವಿರುದ್ಧ ರೈತರೂ ಗಣಿಗಾರರೂ ದಂಗೆಯೆದ್ದಾಗ ಅದು ಮೊದಲು ಹೊತ್ತಿದ್ದು ಗಸ್ಟೈನ್‌ನಲ್ಲಿ. ಶತಮಾನದ ಕೊನೆಯ ಹೊತ್ತಿಗೆ ಗಣಿಗಾರಿಕೆ ಕುಸಿಯಿತು. ಸುಲಭವಾಗಿ ಸಿಗುವ ಅದಿರು ಮುಗಿದದ್ದು, ಹಿಮನದಿಗಳು ಮುಂದೊತ್ತಿ ಎತ್ತರದ ಗಣಿಬಾಯಿಗಳನ್ನು ಮುಚ್ಚಿದ್ದು, ಅಮೆರಿಕದ ಲೋಹ ಯುರೋಪಿನ ಮಾರುಕಟ್ಟೆಯನ್ನು ತುಂಬಿದ್ದು ಇದಕ್ಕೆ ಚರಿತ್ರಕಾರರು ಕೊಡುವ ಕಾರಣಗಳು.

ಜನರು ಕೊಡುವ ಕಾರಣ ಬೇರೆ. ವೈಟ್‌ಮೋಸರ್ ಮನೆತನದ ಗರ್ವಿಷ್ಠ ಹೆಂಗಸೊಬ್ಬಳು ಕುದುರೆಯೇರಿ ಕ್ಲಾಮ್ ಕಮರಿಯ ದಾರಿಯಲ್ಲಿ ಹೋಗುತ್ತಿರುವಾಗ ಭಿಕ್ಷುಕಿಯೊಬ್ಬಳು ಕೈಚಾಚುತ್ತಾಳೆ. ಒಡತಿ ಅವಳನ್ನು ಜರೆಯುತ್ತಾಳೆ. 'ನೀನೂ ಒಂದು ದಿನ ಬೇಡಬೇಕಾದೀತು' ಎಂದು ಭಿಕ್ಷುಕಿ ಹೇಳಿದಾಗ ಒಡತಿ ತನ್ನ ಉಂಗುರವನ್ನು ಕಮರಿಗೆ ಎಸೆದು, ಈ ಉಂಗುರ ಮರಳಿ ಬರುವುದು ಎಷ್ಟು ಅಸಾಧ್ಯವೋ ತನಗೆ ಬಡತನ ಬರುವುದೂ ಅಷ್ಟೇ ಅಸಾಧ್ಯ ಎನ್ನುತ್ತಾಳೆ. ಕೆಲವೇ ದಿನಗಳಲ್ಲಿ ಔತಣದ ಮೀನಿನ ಹೊಟ್ಟೆಯಲ್ಲಿ ಉಂಗುರ ಸಿಗುತ್ತದೆ. ಗಣಿಗಳು ಬರಿದಾಗುತ್ತವೆ.

ಮೀನಿನ ಹೊಟ್ಟೆಯ ಉಂಗುರ ಜಾನಪದ ವಿದ್ವಾಂಸರಿಗೆ ಹೊಸತಲ್ಲ. ಸ್ಟಿತ್ ಥಾಮ್ಸನ್‌ನ ಆಶಯ ಸೂಚಿಯಲ್ಲಿ ಇದು ಎನ್ 211.1, ಹೆರೊಡೊಟಸ್ ಹೇಳುವ ಪಾಲಿಕ್ರೆಟಿಸ್‌ನ ಕಥೆ ಇದರ ಪ್ರಸಿದ್ಧ ಪ್ರಾಚೀನ ರೂಪ. ಭಾರತೀಯರಿಗೆ ಕಾಳಿದಾಸನ ಶಾಕುಂತಲ ತಾನಾಗಿಯೇ ನೆನಪಾಗುತ್ತದೆ. ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿ ಉಂಗುರವಿಲ್ಲ. ಅದು ನಾಟಕದಲ್ಲಿ ಬಂದು ಸೇರಿದುದು. ಶಾಕುಂತಲದಲ್ಲಿ ಮರಳಿ ಬಂದ ಉಂಗುರ ನೆನಪನ್ನು ಕೊಡುತ್ತದೆ, ಸಂಬಂಧವನ್ನು ಕೂಡಿಸುತ್ತದೆ. ಪಾಲಿಕ್ರೆಟಿಸ್‌ಗೆ ಅದು ವಿಧಿಯ ಎಚ್ಚರಿಕೆ. ಗಸ್ಟೈನ್‌ನಲ್ಲಿ ಮಾತ್ರ ಅದು ಒಡೆಯರ ಮೇಲೆ ಕೆಳಗಿನವರು ಕೊಟ್ಟ ತೀರ್ಪು. ಕ್ರಿಸ್ಟೋಫ್ ವೈಟ್‌ಮೋಸರ್ ಸತ್ತಾಗ ಬಡವನಾಗಿರಲಿಲ್ಲ. ಅವನ ಮುಂದಿನ ತಲೆಮಾರಿನಲ್ಲಿ ಉದ್ಯಮ ಸೋತಿತು. ಕಥೆಗೆ ಈ ವ್ಯತ್ಯಾಸ ಬೇಕಿಲ್ಲ. ಹಿಮನದಿಯೂ ಅಮೆರಿಕದ ಬೆಳ್ಳಿಯೂ ಯಾರನ್ನೂ ತಪ್ಪಿತಸ್ಥರನ್ನಾಗಿ ಮಾಡುವುದಿಲ್ಲ. ಸುರಂಗದಲ್ಲಿ ಬದುಕು ಸವೆಸಿದವರಿಗೆ ತಪ್ಪಿತಸ್ಥರು ಬೇಕಾಗಿದ್ದರು.

1731ರಲ್ಲಿ ಆರ್ಚ್‌ಬಿಷಪ್ ಫಿರ್ಮಿಯಾನ್ ಹೊರಡಿಸಿದ ಆಜ್ಞೆಯಂತೆ ಸುಮಾರು 20,000 ಪ್ರೊಟೆಸ್ಟಂಟರು ಸಾಲ್ಜ್‌ಬರ್ಗ್ ನಾಡನ್ನು ತೊರೆಯಬೇಕಾಯಿತು. ಗಸ್ಟೈನ್ ಕಣಿವೆಯ ಜನರೂ ಅವರಲ್ಲಿದ್ದರು. ಅನೇಕರು ದೂರದ ಪೂರ್ವ ಪ್ರಷ್ಯಾದಲ್ಲಿ ನೆಲೆಸಿದರು. ಗಣಿಯೂ ಹೋಗಿ, ಗಣಿಗಾರರಲ್ಲಿ ಹಲವರೂ ಹೋದ ಮೇಲೆ ಕಣಿವೆಗೆ ನೀರೊಂದೇ ಉಳಿಯಿತು ಎನ್ನಬಹುದು.

ನೀರಿನ ಆಧುನಿಕ ಇತಿಹಾಸ ಆರ್ಚ್‌ಬಿಷಪ್ ಕೊಲೊರೆಡೊನಿಂದ ಮೊದಲಾಗುತ್ತದೆ. ಮೊಟ್ಸಾರ್ಟ್‌ನೊಡನೆ ಜಗಳವಾಡಿದ ಒಡೆಯನೆಂದೇ ಸಂಗೀತದ ಚರಿತ್ರೆಯಲ್ಲಿ ನೆನಪಾಗುವ ಈತ 1790ರ ದಶಕದ ಮೊದಲ ವರ್ಷಗಳಲ್ಲಿ ಜಲಪಾತದ ಬಳಿ 'ಬಾಡೆಶ್ಲಾಸ್' ಎಂಬ ಸ್ನಾನದ ಅರಮನೆಯನ್ನು ಕಟ್ಟಿಸಿದನು. 1816ರಲ್ಲಿ ಸಾಲ್ಜ್‌ಬರ್ಗ್ ಆಸ್ಟ್ರಿಯಾಕ್ಕೆ ಸೇರಿದ ಮೇಲೆ ಚಕ್ರವರ್ತಿ ಫ್ರಾನ್ಸಿಸ್‌ನ ಅನುಮತಿಯಿಂದ, 1830ರ ಹೊತ್ತಿಗೆ, ಬಿಸಿನೀರನ್ನು ಕೊಳವೆಗಳ ಮೂಲಕ ಕೆಳಗಿನ ಹೋಫ್‌ಗಸ್ಟೈನ್‌ಗೂ ಒಯ್ಯಲಾಯಿತು. ಆಗ ಬುಗ್ಗೆಯಿಲ್ಲದ ಊರೂ ಸ್ನಾನದ ಊರಾಯಿತು. ಷೂಬರ್ಟ್ 1825ರ ಬೇಸಿಗೆಯಲ್ಲಿ ಇಲ್ಲಿದ್ದು ಡಿ 850 ಸಂಖ್ಯೆಯ ಪಿಯಾನೊ ಸೊನಾಟಾವನ್ನು ರಚಿಸಿದನು. ಪ್ರಷ್ಯಾದ ಅರಸ ಒಂದನೆಯ ವಿಲ್‌ಹೆಲ್ಮ್ ಮತ್ತೆ ಮತ್ತೆ ಬಂದನು. ಅವನ ಹಿಂದೆ ಬಿಸ್ಮಾರ್ಕ್ ಬಂದನು. 1865ರ ಆಗಸ್ಟ್ 14ರಂದು ಷ್ಲೆಸ್ವಿಗ್ ಮತ್ತು ಹೋಲ್‌ಸ್ಟೈನ್ ಪ್ರಾಂತ್ಯಗಳ ಆಡಳಿತವನ್ನು ಹಂಚಿಕೊಂಡ ಒಪ್ಪಂದಕ್ಕೆ ಪ್ರಷ್ಯಾ ಮತ್ತು ಆಸ್ಟ್ರಿಯಾ ಇಲ್ಲಿಯೇ ಸಹಿ ಹಾಕಿದವು. ಮರುವರ್ಷವೇ ಆ ಎರಡು ರಾಜ್ಯಗಳ ನಡುವೆ ಯುದ್ಧ ನಡೆಯಿತು.

1905ರಲ್ಲಿ ರೈಲು ಪಟ್ಟಣಕ್ಕೆ ಬಂತು. 1909ರಲ್ಲಿ ಟೌವರ್ನ್ ಸುರಂಗ ತೆರೆದು ದಾರಿ ದಕ್ಷಿಣಕ್ಕೂ ಸಾಗಿತು. ಅದೇ ವರ್ಷ ಗ್ರಾಂಡ್ ಹೋಟೆಲ್ ಡಿ ಲ್ಯೂರೋಪ್ ಮೇಲೆದ್ದಿತು. ಹಳ್ಳಿಯ ಗಾತ್ರದ ಜಾಗದಲ್ಲಿ ಮಹಾನಗರದ ಎತ್ತರ ಬಂದದ್ದು ಈ ಕಾಲದಲ್ಲಿ. ಭಾರತದ ಸ್ವಾತಂತ್ರ್ಯ ಚಳವಳಿಯ ಒಂದು ಎಳೆಯೂ ಇಲ್ಲಿ ಸೇರಿಕೊಂಡಿದೆ. ಅನಾರೋಗ್ಯದಿಂದ ಯುರೋಪಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಸುಭಾಷ್‌ಚಂದ್ರ ಬೋಸರು ಈ ಪಟ್ಟಣಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಬಂದಿದ್ದರು. ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಮುಂಚಿನ ಚಳಿಗಾಲದಲ್ಲಿ, 1937ರ ಡಿಸೆಂಬರ್‌ನಲ್ಲಿ, ತಮ್ಮ ಅಪೂರ್ಣ ಆತ್ಮಕಥೆ 'ಆನ್ ಇಂಡಿಯನ್ ಪಿಲ್‌ಗ್ರಿಮ್' ಅನ್ನು ಇಲ್ಲಿಯೇ ಬರೆದರು. ಎಮಿಲಿ ಶೆಂಕ್ಲ್ ಆಗ ಅವರೊಂದಿಗಿದ್ದರು. ಬರವಣಿಗೆ 1921ರವರೆಗಿನ ಬದುಕಿಗೆ ನಿಲ್ಲುವುದರಿಂದ ಅದನ್ನು ಬರೆಸಿಕೊಂಡ ಕಣಿವೆ ಅದರ ಕಥನದಲ್ಲಿ ಬರುವ ಪ್ರಸಂಗವೇ ಇಲ್ಲ.

ಎರಡನೆಯ ಮಹಾಯುದ್ಧದ ಬೆನ್ನಿಗೆ ಇದೇ ವೈಭವದ ಹೋಟೆಲುಗಳಲ್ಲಿ ಸೆರೆಶಿಬಿರಗಳಿಂದ ಬದುಕುಳಿದ ಯಹೂದಿ ನಿರಾಶ್ರಿತರಿಗೆ ತಾತ್ಕಾಲಿಕ ನೆಲೆ ದೊರೆಯಿತು. ಪ್ರವಾಸೀ ಕೈಪಿಡಿಗಳು ಚಕ್ರವರ್ತಿಗಳ ಹೆಸರುಗಳಿಗೆ ಕೊಡುವಷ್ಟು ಜಾಗವನ್ನು ಈ ಅತಿಥಿಗಳಿಗೆ ಕೊಡುವುದಿಲ್ಲ. 1958ರ ವಿಶ್ವ ಆಲ್ಪೈನ್ ಸ್ಕೀ ಸ್ಪರ್ಧೆಯಿಂದ ಚಳಿಗಾಲದ ಪ್ರವಾಸಿಗರು ಹೆಚ್ಚಿದರು. 1970ರ ದಶಕದ ಆರಂಭದಲ್ಲಿ ವಾಸ್ತುಶಿಲ್ಪಿ ಗೆರ್‌ಹಾರ್ಡ್ ಗಾರ್ಸ್ಟೆನೌಅರ್ ಜಲಪಾತದ ಮಗ್ಗುಲಲ್ಲಿ ಕಾಂಕ್ರೀಟಿನ ಸಮ್ಮೇಳನ ಭವನವನ್ನು ಕಟ್ಟಿದನು. ಅನಂತರದ ದಶಕಗಳಲ್ಲಿ ಪಟ್ಟಣದ ಹೃದಯಭಾಗವೇ ಖಾಲಿಯಾಯಿತು. ಒಪ್ಪಂದಕ್ಕೆ ಸಹಿ ಬಿದ್ದ ಸ್ಟ್ರೌಬಿಂಗರ್ ಹೋಟೆಲು, ಕೊಲೊರೆಡೊನ ಬಾಡೆಶ್ಲಾಸ್ ಹಲವು ವರ್ಷ ಬೀಗ ಹಾಕಿಕೊಂಡು ಶಿಥಿಲವಾದವು. 2017ರಲ್ಲಿ ಸಾಲ್ಜ್‌ಬರ್ಗ್ ಪ್ರಾಂತೀಯ ಸರ್ಕಾರ ಅವುಗಳನ್ನು ಕೊಂಡುಕೊಂಡು ಖಾಸಗಿಯವರಿಗೆ ವಹಿಸಿತು. 2023ರಲ್ಲಿ ಎರಡೂ ಮತ್ತೆ ತೆರೆದವು.

ಹೋಟೆಲುಗಳ ಏಳುಬೀಳಿನೊಂದಿಗೆ ಏಳದ, ಬೀಳದ ಒಂದು ಆಚರಣೆ ಕಣಿವೆಯಲ್ಲಿದೆ. ಅದು ನಾಲ್ಕು ವರ್ಷಗಳಿಗೊಮ್ಮೆ ಜನವರಿಯ ಮೊದಲ ದಿನಗಳಲ್ಲಿ ನಡೆಯುವ 'ಪೆರ್ಖ್ಟನ್' ಓಟ. ನೂರಕ್ಕೂ ಹೆಚ್ಚು ವೇಷಗಳು ಊರಿಂದೂರಿಗೆ, ಮನೆಯಿಂದ ಮನೆಗೆ ಸಾಗುತ್ತವೆ. ಕುರೂಪದ ಮರದ ಮುಖವಾಡಗಳು ಒಂದು ಕಡೆ; ಕನ್ನಡಿ, ಹೂ, ಆಭರಣಗಳಿಂದ ಅಲಂಕರಿಸಿದ, ಆಳೆತ್ತರವನ್ನು ಮೀರುವ ಭಾರವಾದ ಕಿರೀಟಗಳನ್ನು ಹೊತ್ತವರು ಇನ್ನೊಂದು ಕಡೆ. ಕಿರೀಟ ಹೊತ್ತವನ ಜೊತೆಗೆ ಹೆಣ್ಣುವೇಷದ ಗಂಡಸೊಬ್ಬನಿರುತ್ತಾನೆ. ಮನೆಯ ಮುಂದೆ ನಿಂತು ಇಬ್ಬರೂ ತಲೆಬಾಗುತ್ತಾರೆ. ಅದು ಹೊಸ ವರ್ಷದ ಹಾರೈಕೆ. ಅಷ್ಟು ಭಾರವನ್ನು ಹೊತ್ತು ಬಾಗುವುದು ಸುಲಭವಲ್ಲ, ಅದಕ್ಕೇ ಅದಕ್ಕೆ ಬೆಲೆ. ಹಣ ಕೊಟ್ಟು ಬಂದ ಅತಿಥಿಗೆ ತಲೆಬಾಗುವುದೇ ಜೀವನೋಪಾಯವಾದ ಕಣಿವೆಯಲ್ಲಿ, ನೆರೆಯವನ ಮನೆಗೆ ತಲೆಬಾಗುವ ಈ ವಿಧಿ ಉಳಿದುಬಂದಿರುವುದು ಗಮನಾರ್ಹ.

ಗಣಿ ಮತ್ತು ಸ್ನಾನ ಎಂಬ ಎರಡು ಎಳೆಗಳು ಕೊನೆಗೆ ಒಂದಾದದ್ದು ಪಟ್ಟಣದ ದಕ್ಷಿಣಕ್ಕಿರುವ ಬೋಕ್‌ಸ್ಟೈನ್‌ನಲ್ಲಿ. 1940ರಲ್ಲಿ ರಾಡ್‌ಹೌಸ್‌ಬರ್ಗ್ ಪರ್ವತದ ಬುಡದಲ್ಲಿ ಚಿನ್ನಕ್ಕಾಗಿ ಹೊಸ ಸುರಂಗವನ್ನು ಕೊರೆಯಲು ಆರಂಭಿಸಲಾಯಿತು. ಲಾಭದಾಯಕ ಚಿನ್ನ ಸಿಗಲಿಲ್ಲ. ಸಿಕ್ಕಿದ್ದು ಬಿಸಿ. ಒಳಗೆ ದುಡಿದವರು ತಮ್ಮ ಕೀಲುನೋವು ಕಡಿಮೆಯಾಯಿತೆಂದು ಹೇಳತೊಡಗಿದರು. ಯುದ್ಧದ ನಂತರ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದವರು ಆ ಮಾತಿನ ಬೆನ್ನುಹತ್ತಿ ಪರೀಕ್ಷಿಸಿದರು. 1952ರಲ್ಲಿ ಸುರಂಗ ಚಿಕಿತ್ಸಾಲಯವಾಗಿ ತೆರೆಯಿತು. ವೈದ್ಯಶಾಸ್ತ್ರವು ಕೂಲಿಕಾರರ ಮೌಖಿಕ ಸಾಕ್ಷ್ಯದಿಂದ ಕೆಲಸ ಆರಂಭಿಸಿದ ಸ್ಪಷ್ಟ ಉದಾಹರಣೆಯಿದು.

ಒಳಗಿನ ತಾಪ 37ರಿಂದ 41.5 ಡಿಗ್ರಿ, ಗಾಳಿಯಲ್ಲಿ ಪ್ರತಿ ಘನ ಮೀಟರಿಗೆ ಸುಮಾರು 44,000 ಬೆಕೆರೆಲ್ ರೇಡಾನ್. ವಾಸದ ಮನೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಮಿತಿ 100. ಅದು ಸಾಧ್ಯವಾಗದಲ್ಲಿ 300. ರೇಡಾನ್ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂಬುದು 1988ರಲ್ಲಿಯೇ ಅಂತರರಾಷ್ಟ್ರೀಯ ಮನ್ನಣೆ ಪಡೆದ ತೀರ್ಮಾನ. ರೋಗಿಗಳು ಒಳಗಿರುವುದು ಒಂದು ಗಂಟೆಯೊಳಗೆ, ಅದೂ ಕೆಲವೇ ಸರದಿಗಳಲ್ಲಿ ಎಂಬುದು ಚಿಕಿತ್ಸಕರ ಉತ್ತರ. ಬೆನ್ನುಮೂಳೆಯ ಸಂಧಿವಾತದ ರೋಗಿಗಳ ಮೇಲೆ ಡಚ್ ವೈದ್ಯರು ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವು ಗಸ್ಟೈನ್‌ನಲ್ಲಿ ಚಿಕಿತ್ಸೆ ಪಡೆದವರಿಗೆ ತಿಂಗಳುಗಟ್ಟಲೆ ಉಪಶಮನ ದೊರೆತುದನ್ನು ದಾಖಲಿಸಿದೆ. ಆ ಚಿಕಿತ್ಸೆಯಲ್ಲಿ ಶಾಖ, ವ್ಯಾಯಾಮ, ವಿಶ್ರಾಂತಿ ಎಲ್ಲವೂ ಕೂಡಿದ್ದವು. ರೇಡಾನ್‌ನ ಪಾಲೆಷ್ಟು ಎಂಬುದು ಅದರಿಂದ ಬೇರ್ಪಡುವುದಿಲ್ಲ. ರೋಗಿಗಳನ್ನು ಇಂದಿಗೂ ಗಣಿಯ ಕಿರುರೈಲಿನಲ್ಲಿಯೇ ಪರ್ವತದೊಳಕ್ಕೆ ಒಯ್ಯಲಾಗುತ್ತದೆ. ಅಲ್ಲಿ ಕೇಳುವ ವಂದನೆಯೂ ಹಳೆಯ ಗಣಿಗಾರರದ್ದೇ, 'ಗ್ಲುಕ್ ಔಫ್'.